ನಲವತ್ತಮೂರು ಕೆಜಿ

ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಅತ್ತೆ ನನ್ನ ಲೋಟವನ್ನು ಎಂದಿನಂತೆ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟರು. ಅವರ ಮಗನನ್ನು, ನನ್ನ ಗಂಡನನ್ನು, ಮಣ್ಣು ಮಾಡಿ ಐದು ದಿನವಾಗಿತ್ತು.

ಒಂಬತ್ತಕ್ಕೆ ಆರೋಗ್ಯ ಕೇಂದ್ರದ ನರ್ಸಕ್ಕ ಬಂದರು. ನನ್ನ ಹೆಸರಿನ ಕ್ಷಯದ ಮಾತ್ರೆಗಳ ಖಾಲಿ ಹಾಳೆ ಎಣಿಸುವುದು, ನನ್ನನ್ನು ತೂಗುವುದು ಅವರ ವಾರದ ಕೆಲಸ. ಸಾವಿನ ಮನೆಯೆಂದು ದನಿ ತಗ್ಗಿಸಿದ್ದರು.

"ಇಷ್ಟೆಲ್ಲ ಆದ್ರೂ ನಿನ್ನ ತೂಕ ಇಳಿದಿಲ್ಲ ಕಣಮ್ಮ. ಮಾತ್ರೆ ಹಿಡಿಸಿದೆ."

"ಹಿಡಿಸದೆ ಏನು?" ಒಳಗಿನಿಂದ ಅತ್ತೆ ಅಂದರು. "ಇವಳು ಗಟ್ಟಿಯಾಗೇ ಇದಾಳೆ. ಇವಳಿಂದ ಅಂಟಿಸ್ಕೊಂಡವನು ಹೋದ."

ಹೊರಗಿನವರಿಗೆ ಹೃದಯಾಘಾತ ಎಂದು ಹೇಳಿದವರೂ ಅವರೇ.

"ಅಕ್ಕ, ಆ ಮಾತ್ರೆ ನಾನು ಒಂದು ದಿನವೂ ನುಂಗಿಲ್ಲ," ಎಂದೆ.

ಕೆಮ್ಮು ನನ್ನ ಗಂಡನದು. ಎರಡು ಕುರ್ಚಿಯ ಕ್ಷೌರದಂಗಡಿಯಲ್ಲಿ ಒಂದು ಕುರ್ಚಿ ಅವನದಾಗಿತ್ತು. ದಿನವಿಡೀ ಇನ್ನೊಬ್ಬರ ಮುಖಕ್ಕೆ ಬಾಗಿ ನಿಲ್ಲುವ ಕೆಲಸ. ಕೆಮ್ಮಿಗೆ ಮೊದಲು ಪೌಡರನ್ನು ದೂರಿದ, ಆಮೇಲೆ ಸಿಗರೇಟನ್ನು. ರಕ್ತ ಕಂಡ ದಿನ ನನ್ನನ್ನು ಬಚ್ಚಲಿಗೆ ಕರೆದ.

"ನಿನ್ನ ಹೆಸರಲ್ಲಿ ಪರೀಕ್ಷೆಗೆ ಕೊಟ್ಟು ಬಾರೇ. ಇದು ಗೊತ್ತಾದ್ರೆ ನನ್ನ ಕತ್ತಿಗೆ ಯಾವನು ಕತ್ತು ಕೊಡ್ತಾನೆ? ನೀನು ಮನೇಲಿ ಕೂತು ಪ್ರೂಫ್ ನೋಡೋಳು. ನಿನಗೇನು?"

ಎಂ.ಎ. ಓದಿದವಳು ನಾನು. ನನಗೂ ಅದು ಜಾಣತನವೆಂದೇ ಕಂಡಿತು. ನನ್ನ ಹೆಸರಲ್ಲಿ ಡಬ್ಬಿ ತಂದೆ, ಅವನು ಕಫ ಉಗುಳಿದ, ನಾನು ಕೊಟ್ಟು ಬಂದೆ. ರೋಗ ಇದೆ ಎಂದು ತಿಳಿದ ದಿನವೇ ಅತ್ತೆ ನನ್ನ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಿದರು. ಅವನು ತನ್ನ ತಟ್ಟೆ ನೋಡುತ್ತ ಉಂಡ. ಮರುದಿನದಿಂದ ಬಚ್ಚಲಿನಲ್ಲಿ ನಿಂತು ನನ್ನ ಮಾತ್ರೆ ನುಂಗತೊಡಗಿದ.

ಇದೆಲ್ಲ ಕೇಳಿ ನರ್ಸಕ್ಕ ಮೇಜಿನಿಂದ ನನ್ನ ಚಿಕಿತ್ಸೆಯ ಕಾರ್ಡು ತೆಗೆದರು.

"ನಲವತ್ತಮೂರು ಕೆಜಿ. ದಿನಕ್ಕೆ ಮೂರು ಮಾತ್ರೆ. ಅವರ ತೂಕ ಎಷ್ಟಿತ್ತಮ್ಮ?"

"ಅರವತ್ತೆಂಟು."

"ಅವರಿಗೆ ಐದು ಕೊಡ್ತಿದ್ವಿ."

ಅದರಿಂದಲೇ ಹೋದ ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ತೂಕ, ಅದರ ಪಕ್ಕದಲ್ಲಿ ಮಾತ್ರೆಯ ಲೆಕ್ಕ, ಎರಡೂ ಕಾರ್ಡಿನ ಮೇಲೆ ಒಂದೇ ಸಾಲಿನಲ್ಲಿದ್ದವು. ನಾಲ್ಕು ತಿಂಗಳು ಅದು ನನ್ನ ಮೇಜಿನ ಮೇಲಿತ್ತು. ಇನ್ನೊಬ್ಬರ ಪುಸ್ತಕದ ತಪ್ಪು ಹುಡುಕುವುದು ನನ್ನ ಕಸುಬು.

"ಅಮ್ಮ, ನಿಮಗೂ ಪರೀಕ್ಷೆ ಆಗ್ಬೇಕು," ನರ್ಸಕ್ಕ ಬಾಗಿಲಿಗೆ ಬಂದ ಅತ್ತೆಗೆ ಹೇಳಿದರು. "ಇವಳಿಗೂ. ಅಂಗಡಿಯಲ್ಲಿ ಜೊತೆಗಿದ್ದೋರಿಗೂ."

ಅತ್ತೆ ನನ್ನನ್ನೇ ನೋಡಿದರು. "ಸತ್ತವನ ತಲೆಗೆ ಕಟ್ತೀಯೇನೇ? ಅವನು ಬಾಯಿ ಬಿಡಲ್ಲ ಅನ್ನೋ ಧೈರ್ಯ ಅಲ್ವಾ?"

ಬದುಕಿದ್ದಾಗಲೂ ಬಿಡಲಿಲ್ಲ ಎನ್ನಬಹುದಿತ್ತು.

"ಅಂಗಡಿಗೆ ಮಾತ್ರ ಹೋಗ್ಬೇಡ," ಎಂದರು ಆಮೇಲೆ, ದನಿ ಇಳಿಸಿ. "ಅಲ್ಲಾದ್ರೂ ಅವನ ಮಾನ ಉಳೀಲಿ ಕಣೇ."

ಕೊನೆಯ ತಿಂಗಳು, ಅಂಗಡಿಗೆ ಹೋಗಲಾಗದಿದ್ದಾಗ, ಗಡ್ಡ ತೆಗೆದುಕೊಳ್ಳಲೆಂದು ಅವನು ಮೀಸೆಯಣ್ಣನ ಟ್ರಿಮ್ಮರ್ ತರಿಸಿಕೊಂಡಿದ್ದ. ಇನ್ನೊಂದು ಕುರ್ಚಿ ಮೀಸೆಯಣ್ಣನದು. ಹನ್ನೆರಡು ವರ್ಷ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಟ್ರಿಮ್ಮರಿನ ಹಲ್ಲುಗಳ ನಡುವೆ ಸಿಕ್ಕಿದ್ದ ಕೂದಲನ್ನು ಪಿನ್ನಿನಿಂದ ತೆಗೆದು, ಹೊರಟೆ.

ಕುರ್ಚಿಯಲ್ಲಿದ್ದ ಗಿರಾಕಿ ಏಳುವವರೆಗೆ ಬೆಂಚಿನ ಮೇಲೆ ಕೂತೆ.

"ಇದಕ್ಕೋಸ್ಕರ ಬಂದ್ಯಾ ತಾಯಿ?" ಮೀಸೆಯಣ್ಣ ಟ್ರಿಮ್ಮರ್ ನೋಡಿ ಅಂದ. "ಇಸ್ಕೊಂಡಿದ್ದು ವಾಪಸ್ ಕೊಡೋ ಜಾತಿನೇ ಅಲ್ಲ ಅವನು. ನನ್ನ ಎರಡು ಕತ್ತರಿ ನುಂಗಿ ಕೂತಿದಾನೆ." ನಕ್ಕ. ನಗು ಕೆಮ್ಮಾಯಿತು.

"ಅಣ್ಣ, ಅವನು ಹೋಗಿದ್ದು ಹಾರ್ಟಿಂದ ಅಲ್ಲ. ಕ್ಷಯ. ನನ್ನದಲ್ಲ, ಅವನದೇ. ನಿಮಗೂ ಪರೀಕ್ಷೆ ಆಗ್ಬೇಕಂತೆ."

ಅವನು ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ನನ್ನ ಗಂಡನ ಕುರ್ಚಿಯಲ್ಲಿ ಕೂತ.

"ನನಗೆ ಬರೀ ಧೂಳಿನ ಕೆಮ್ಮು," ಎಂದ. ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ: "ನಮ್ಮ ಮನೆಯವಳನ್ನ ಕಳಿಸಿದ್ರೆ ಆಗಲ್ವಾ?"

"ಆಗಲ್ಲ ಅಣ್ಣ. ನೀವೇ ಹೋಗಿ. ತೂಕಕ್ಕೂ ನೀವೇ ನಿಲ್ಲಿ. ಎಂಟಕ್ಕೆಲ್ಲ ಆರೋಗ್ಯ ಕೇಂದ್ರ ತೆಗೀತಾರೆ."

ಟ್ರಿಮ್ಮರಿಗೆ ಚಾಚಿದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡ. ವೈರು ಸುತ್ತಿ, ಅವನ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟೆ.