ಹಂಚಿಕೊಂಡ ಮಾತ್ರೆ

ರೇಡಿಯೇಷನ್ ಕೋಣೆಯ ಹೊರಗೆ ಇದ್ದದ್ದು ಒಂದೇ ಬೆಂಚು. ದರ್ಜಿಗೂ ಬಸ್ ಡ್ರೈವರನಿಗೂ ಸ್ನೇಹ ಕುದುರಿದ್ದು ಅಲ್ಲೇ. ಇಬ್ಬರಿಗೂ ಗಂಟಲಲ್ಲಿ ಗಡ್ಡೆ, ಇಬ್ಬರೂ ಒಂದೇ ಪ್ರಯೋಗಕ್ಕೆ ಒಪ್ಪಿ ಬಂದವರು. ಅರ್ಧ ಜನಕ್ಕೆ ಬರೀ ರೇಡಿಯೇಷನ್, ಉಳಿದವರಿಗೆ ಅದರ ಜೊತೆಗೆ ಗಡ್ಡೆಯನ್ನೇ ಗುರಿಯಿಟ್ಟು ಹೊಡೆಯುವ ಹೊಸ ಮಾತ್ರೆ. ಯಾರಿಗೆ ಯಾವುದು ಎಂದು ಕಂಪ್ಯೂಟರೇ ಚೀಟಿ ಎತ್ತುತ್ತಿತ್ತು. ಮಾತ್ರೆ ದರ್ಜಿಯ ಪಾಲಿಗೆ ಬಂತು.

"ನಿನ್ನ ಹಣೆಬರಹ ಚೆನ್ನಾಗಿದೆ ಅಣ್ಣಾ, ನಂದು ಯಾವಾಗ್ಲೂ ರಿವರ್ಸ್ ಗೇರೇ" ಎಂದು ಡ್ರೈವರ್ ನಕ್ಕಿದ್ದ.

ಆ ಹಣೆಬರಹ ಕೆಲವೇ ದಿನಗಳಲ್ಲಿ ದರ್ಜಿಯ ಮುಖದ ತುಂಬ ಕೀವುಗುಳ್ಳೆಯಾಗಿ ಎದ್ದಿತು. ಅಳತೆಗೆಂದು ಟೇಪು ಹಿಡಿದು ಹತ್ತಿರ ಹೋದರೆ ಗಿರಾಕಿಗಳು ಕತ್ತು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಹೊಟ್ಟೆ ಬೇರೆ ನಿಲ್ಲದೆ ಹರಿಯುತ್ತಿತ್ತು. ಡಾಕ್ಟರಿಗೆ ಹೇಳಿದರೆ ಪ್ರಯೋಗದಿಂದಲೇ ಕೈಬಿಟ್ಟಾರೆಂಬ ಅಂಜಿಕೆ. ಕೊನೆಗೆ ದಿನ ಬಿಟ್ಟು ದಿನ ತನ್ನ ಮಾತ್ರೆಯನ್ನು ಡ್ರೈವರನ ಅಂಗೈಗೆ ಹಾಕತೊಡಗಿದ.

"ಹಂಚಿ ತಿನ್ನೋಣ ತಮ್ಮಾ. ನಾನೊಬ್ಬನೇ ಬದುಕಿ ಏನು ಮಾಡ್ಲಿ?"

ಅತ್ತೆಯ ಧನ, ಅಳಿಯನ ದಾನ. ಡ್ರೈವರನ ಕಣ್ಣು ತುಂಬಿ ಬಂತು. ದರ್ಜಿಯ ಮುಖ ತಿಳಿಯಾಯಿತು. ಕನ್ನಡಿ ನೋಡಿಕೊಂಡಾಗ, ತಾನು ನಿಜಕ್ಕೂ ದೊಡ್ಡ ಮನಸ್ಸಿನವನೇ ಎಂದು ಅವನಿಗೂ ಅನ್ನಿಸಿತು.

ಅತ್ತ ಡ್ರೈವರನ ಕತ್ತಿನ ಚರ್ಮ ಕಪ್ಪಾಗಿ ಸುಲಿಯಿತು. ಬಾಯೆಲ್ಲ ಹುಣ್ಣಾಗಿ ಉಗುಳು ನುಂಗಲೂ ಆಗದೆ ವಾರ್ಡು ಸೇರಿದ. ರೇಡಿಯೇಷನ್ ನಿಲ್ಲಿಸಿದರು. ಮತ್ತೆ ಯಾವಾಗ ಶುರುವೋ, ಅಷ್ಟರಲ್ಲಿ ಗಡ್ಡೆ ಸುಮ್ಮನಿದ್ದೀತೋ ಯಾರಿಗೂ ಗೊತ್ತಿರಲಿಲ್ಲ. ಅವನ ಕೆನ್ನೆಯ ಮೇಲಿನ ಗುಳ್ಳೆ ಕಂಡ ನರ್ಸಿಗೆ ಮಾತ್ರ ಅನುಮಾನ. ಮಾತ್ರೆ ತಿನ್ನುವವರಿಗೆ ಏಳುವ ಗುಳ್ಳೆ ಈ ಮುಖಕ್ಕೆ ಹೇಗೆ ಬಂತು? ಡಾಕ್ಟರು ಎಷ್ಟು ಕೇಳಿದರೂ ಡ್ರೈವರ್ ಬಾಯಿನೋವಿನ ನೆಪದಲ್ಲಿ ಗೋಡೆಯತ್ತ ತಿರುಗಿಕೊಂಡ.

ಬಾಗಿಲಲ್ಲಿ ನಿಂತಿದ್ದ ದರ್ಜಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಡಾಕ್ಟರ ಹಿಂದೆಯೇ ಹೋಗಿ, ಮಾತ್ರೆ ಹಂಚಿಕೊಂಡದ್ದನ್ನು ಹೇಳಿದ. ಯಾಕೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ಮುಂದೆ ಬರೋ ರೋಗಿಗಳಿಗೆ ಈ ಮಾತ್ರೆ ಕೊಡಬೇಕೋ ಬೇಡವೋ ಅಂತ ನಿಮ್ಮಿಬ್ಬರ ಮೈಯನ್ನೇ ಕೇಳ್ತಾ ಇದ್ವಿ. ಈಗ ಎರಡೂ ಸುಳ್ಳು ಹೇಳ್ತಿವೆ" ಎಂದು ಡಾಕ್ಟರು ನಿಟ್ಟುಸಿರುಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ, ಪಾಪ, ಎಂದೂ ಸೇರಿಸಿದರು. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಬೆಂಚಿನ ಮೇಲೆ ಡ್ರೈವರನ ಹೆಂಡತಿ ಫ್ಲಾಸ್ಕು ಹಿಡಿದು ಕೂತಿದ್ದಳು. ಗಂಡನಿಗೆ ಹಾಲೂ ಇಳಿಯಲಿಲ್ಲವಂತೆ. ಅದನ್ನು ಲೋಟಕ್ಕೆ ಬಗ್ಗಿಸಿ ದರ್ಜಿಯ ಕೈಗಿತ್ತಳು.

"ನೀವಾದ್ರೂ ಕುಡೀರಿ ಅಣ್ಣ. ನಿಮ್ಮ ಪಾಲಿನ ಮದ್ದನ್ನೇ ಕೊಟ್ಟೋರು. ಒಡಹುಟ್ಟಿದೋರೂ ಹಾಗೆ ಮಾಡಲ್ಲ."

ದರ್ಜಿ ತಲೆ ತಗ್ಗಿಸಿದ. "ಕೊಟ್ಟಿದ್ದಲ್ಲ ತಂಗಿ. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಬಿಸಾಕೋ ಬದಲು ಅವನ ಕೈಗೆ ಹಾಕ್ದೆ."

ಅವಳು ಅವನ ನುಣ್ಣನೆಯ ಕೆನ್ನೆಯನ್ನೇ ನೋಡಿದಳು. ಬೈಯಲಿಲ್ಲ, ಲೋಟವನ್ನೂ ವಾಪಸು ಕೇಳಲಿಲ್ಲ. ಫ್ಲಾಸ್ಕಿನ ಮುಚ್ಚಳ ಬಿಗಿದು ಒಳಗೆ ಹೋದಳು.

ದರ್ಜಿ ಕುಡಿಯಲೂ ಆಗದೆ ಕೆಳಗಿಡಲೂ ಆಗದೆ ಲೋಟ ಹಿಡಿದು ಕೂತ. ಹಾಲಿನ ಮೇಲೆ ಕೆನೆ ಕಟ್ಟುತ್ತಿತ್ತು.