ಯಾರ ಗುಡ್ಡೆಗೂ ಸೇರದ ತುಂಡು

“ನಾ ಏಳೋದ್ರಲ್ಲಿ ಒಂದಕ್ಸರ ಸುಳ್ಳಿದ್ರೂ ನನ್ನ ಪಾಲಿನ ಗುಡ್ಡೆ ಬಾಡು ನೀವೇ ತಿನ್ಕಬುಡಿ ಕಣ್ಲಾ,” ಎನ್ನುತ್ತಾ ಮರಿಸಿದ್ದಯ್ಯ ಶಿವರಾಜುವಿನ ಮಣಿಕಟ್ಟು ಹಿಡಿದುಕೊಂಡ. ಆ ಕೈಯಲ್ಲಿ ಕುರಿಯ ಲಿವರಿನ ಒಂದು ತುಂಡಿತ್ತು. ಅದರ ತುಂಬ ಬಿಳಿಚಿದ ನೀರ್ಗುಳ್ಳೆಗಳು.

ಯುಗಾದಿಯ ಮಾರನೆಯ ದಿನ, ಹೊಸತೊಡಕು. ಹನಕೆರೆಯ ಹೊಂಗೆಮರದಡಿ ಹನ್ನೆರಡು ಮನೆಯವರು ಸೇರಿ ಕುರಿ ಕೊಯ್ದಿದ್ದರು. ಬಾಳೆಲೆಗಳ ಮೇಲೆ ಮಾಂಸದ ಹನ್ನೆರಡು ಗುಡ್ಡೆ. ಒಂದಕ್ಕೆ ಮೂಳೆ ಹೆಚ್ಚಿಲ್ಲ, ಒಂದಕ್ಕೆ ಕೊಬ್ಬು ಕಡಿಮೆಯಿಲ್ಲ. ಆರು ವರ್ಷದಿಂದ ಪಾಲು ಹಾಕುವವನು ಶಿವರಾಜುವೇ. ಅವನ ಕೈಯಿದ್ದರೆ ತಕ್ಕಡಿ ಬೇಡ ಎನ್ನುತ್ತಿದ್ದರು. ಗುಳ್ಳೆ ಬಿದ್ದದ್ದನ್ನು ಯಾರ ಗುಡ್ಡೆಗೆ ಹಾಕಿದರೂ ಅನ್ಯಾಯ. ಆದ್ದರಿಂದ ಅದು ಬೀದಿನಾಯಿ ಕರಿಯನ ಪಾಲು. ಇದೂ ಆರು ವರ್ಷದ ರೂಢಿ.

ಕರಿಯ ನಾಲಿಗೆ ಚಾಚಿ ಕಾದಿತ್ತು. ಅದರ ಕುತ್ತಿಗೆ ತಬ್ಬಿ ಕೂತಿದ್ದಳು ಶಿವರಾಜುವಿನ ಮಗಳು, ಒಂಬತ್ತು ವರ್ಷದ ದೀಪಿಕ.

“ಒಟ್ಟೆನೋವು ಅಂತ ಮಲ್ಗಿದ್ದೋಳು ಇಲ್ಲಿಗ್ಯಾಕಮ್ಮಿ ಬಂದೆ?” ಎಂದು ಶಿವರಾಜು ಆಗಲೇ ಒಮ್ಮೆ ಗದರಿದ್ದ.

“ಈಗ ವಸಿ ಕಮ್ಮಿ ಆಗ್ಯದೆ ಕಣಪ್ಪ.”

ಅವಳು ಬಲಪಕ್ಕೆಯ ಕೆಳಗೆ ನೋವು ಎನ್ನಲು ಶುರುಮಾಡಿ ಎರಡು ತಿಂಗಳಾಗಿತ್ತು. ಗ್ಯಾಸ್ ಇರಬೇಕೆಂದು ಮಾತ್ರೆ ನುಂಗಿಸಿದ್ದರು, ದೃಷ್ಟಿ ತೆಗೆದಿದ್ದರು.

“ಕೈ ಬುಡು ಮಾವ, ನಾಯಿ ಕಾಯ್ತಾ ಅದೆ,” ಎಂದ ಶಿವರಾಜು.

“ನಾಯಿಗೆ ಆಕ್‌ಬ್ಯಾಡ ಅಂತ್ಲೇ ಏಳ್ತಿರೋದು. ಓದ ತಿಂಗ್ಳು ಆಸ್ಪತ್ರೇಲಿ ಮಲ್ಗಿದ್ನಲ್ಲ, ನನ್ನ ಒಟ್ಟೇಲಿದ್ದದ್ದೂ ಇದೇ ಗುಳ್ಳೆ.”

ಎಲ್ಲರೂ ನಕ್ಕರು. ಎತ್ತಿನಗಾಡಿಯನ್ನೇ ಶಿಂಷಾ ಹೊಳೆಗೆ ಎಳೆದುಕೊಂಡು ಹೋದ ಮೀನು, ಹನಕೆರೆ ಸ್ಟೇಷನ್ನಿನಲ್ಲಿ ರೈಲು ತಡೆದ ಪಡವಲಕಾಯಿ, ಎಲ್ಲವನ್ನೂ ಮರಿಸಿದ್ದಯ್ಯ ಇದೇ ಉಪ್ಪುಖಾರವಿಲ್ಲದ ಮುಖದಲ್ಲಿ ಹೇಳಿದ್ದ.

ಕತ್ತಿ ಒರೆಸುತ್ತಿದ್ದ ಚಿಕ್ಕಣ್ಣ, “ನಾಯಿ ಬಂದು ನಿನ್ನೊಟ್ಟೇಲಿ ಮೊಟ್ಟೆ ಇಕ್ತಾ ಮಾವ?” ಎಂದ.

“ಊಂ ಕಣ್ಲಾ. ಇದ ತಿಂದ ನಾಯಿ ಕರ್ಳಲ್ಲಿ ಉಳ ಆಯ್ತದೆ. ಉಳದ ಮೊಟ್ಟೆ ಕಣ್ಗೆ ಕಾಣಾಕಿಲ್ಲ. ನಾಯಿ ಏಲಲ್ಲಿ ಈಚೆ ಬತ್ತದೆ, ಅದ್ರ ಮೈಕೂದ್ಲಿಗೆ ಅಂಟ್ಕತದೆ. ಅದ ಮುಟ್ಟಿದ ಕೈನ ಬಾಯಿಗಿಕ್ಕಂಡ್ರೆ ಮುಗೀತು, ಲಿವರಲ್ಲಿ ಕುಂತು ವರ್ಸಗಟ್ಲೆ ಬೆಳೀತದೆ. ಕರಿಯನ ತಲೆ ಸವರಿ ಅಂಗೇ ಎಲೆಅಡ್ಕೆ ಆಕತಿದ್ನಲ್ಲ ನಾನು.”

“ಎಷ್ಟು ದಪ್ಪ ಬೆಳ್ದಿತ್ತು? ಕುಂಬ್ಳಕಾಯಾ? ತಗ್ಯಾಕೆ ಜೇಸಿಬಿ ತರಿಸಿದ್ರಾ?”

“ನಿಂಬೆಅಣ್ಣು.”

“ತೆಂಗಿನಕಾಯಿ ಅಂತಾದ್ರೂ ಅನ್ನು ಮಾವ, ಮಾನ ಓಯ್ತದೆ!”

“ಇಲ್ಲ ಕಣ್ಲಾ. ನಿಂಬೆಅಣ್ಣು. ಅದ್ರಲ್ಲೂ ಸಣ್ಣದು.”

ಚಿಕ್ಕಣ್ಣನ ನಗು ಅರ್ಧಕ್ಕೇ ನಿಂತಿತು. ಮರಿಸಿದ್ದಯ್ಯನ ಬಾಯಿಂದ ಇಷ್ಟು ಸಣ್ಣದೊಂದು ವಸ್ತು ಹೊರಬಿದ್ದದ್ದನ್ನು ಆ ಊರು ಕೇಳಿರಲೇ ಇಲ್ಲ.

ಮರಿಸಿದ್ದಯ್ಯ ಅಂಗಿ ಎತ್ತಿದ. ಬಲಪಕ್ಕೆಯ ಕೆಳಗೆ ಹೊಲಿಗೆಯ ಗಾಯ ಇನ್ನೂ ಕೆಂಪಗಿತ್ತು.

“ಇಲ್ಲೇ ನೋಯ್ತಿದ್ದದ್ದು. ನಾನೂ ಗ್ಯಾಸು ಅಂತ ಮಾತ್ರೆ ನುಂಗ್ದೆ.”

ಶಿವರಾಜು ಗಾಯವನ್ನು ನೋಡಿದ. ಆಮೇಲೆ ಮಗಳತ್ತ ತಿರುಗಿದ. ಅವಳ ಎಡಗೈ ನಾಯಿಯ ಕುತ್ತಿಗೆಯ ಸುತ್ತ ಇತ್ತು. ಬಲಗೈ ಅದೇ ಜಾಗವನ್ನು ಒತ್ತಿ ಹಿಡಿದಿತ್ತು. ಕರಿಯ ಅವಳ ಕೆನ್ನೆ ನೆಕ್ಕುತ್ತಿತ್ತು.

ಆರು ಯುಗಾದಿ. ಎಸೆದದ್ದೆಲ್ಲ ಈ ಕೈಯೇ.

“ಡಾಕ್ಟ್ರು ನನ್ನ ಕೇಳಿದ್ದು ಒಂದೇ ಮಾತು ಕಣಪ್ಪ,” ಮರಿಸಿದ್ದಯ್ಯ ಅಂಗಿ ಇಳಿಸುತ್ತಾ ಮುಂದುವರಿಸಿದ, “ನಿಮ್ಮ ಬೀದೀಲಿ ಮಕ್ಳು ಯಾರಾರ ಆ ನಾಯಿ ಜತೆ—”

ಶಿವರಾಜು ಎದ್ದಿದ್ದ. ಕೈಯಲ್ಲಿದ್ದ ತುಂಡನ್ನು ಮರಿಸಿದ್ದಯ್ಯನ ಅಂಗೈಯಲ್ಲೇ ಇಟ್ಟು, ಮಗಳ ರಟ್ಟೆ ಹಿಡಿದು ಕೊಳಾಯಿಯ ಕಡೆ ನಡೆದ. ನೀರು ಬಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ತಿಕ್ಕತೊಡಗಿದ.

“ಎಷ್ಟ್ ಸಲ ತೊಳೀತೀಯಪ್ಪ? ಉರೀತದೆ.”

ಹೊಂಗೆಮರದಡಿ ಯಾರೂ ತಮ್ಮ ಗುಡ್ಡೆ ಎತ್ತಿಕೊಳ್ಳಲಿಲ್ಲ. ಕರಿಯ ಕೊಳಾಯಿಯ ತನಕ ಹಿಂದೆಯೇ ಹೋಗಿ, ಬಾಲ ಅಲ್ಲಾಡಿಸುತ್ತಾ, ಆ ಒದ್ದೆ ಕೈ ತನ್ನ ತಲೆಯ ಮೇಲೆ ಬರಲೆಂದು ಕಾಯುತ್ತಾ ನಿಂತಿತು.