ಎರಡು ಗಡಿಯಾರದ ಮನೆ

ನಾನು ಒಂದು ರೇಡಿಯೊ. ಹಾಗೆಂದ ಕೂಡಲೇ ಹಾಡು ಹಾಕು, ವಾರ್ತೆ ಹಾಕು ಎನ್ನಬೇಡಿ, ಅವೆಲ್ಲ ನನಗೆ ಬರುವುದಿಲ್ಲ. ನಾನು ಹ್ಯಾಮ್ ರೇಡಿಯೊ. ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿಗಳು ನನ್ನ ಮುಂದೆ ಕುಳಿತು ದೂರದ ಊರಿನವರ ಜೊತೆ ಹರಟುತ್ತಾರೆ. ನಾನು ಕೇಳುವುದೂ ಉಂಟು, ಹೇಳುವುದೂ ಉಂಟು. ಕೇಳಿದ್ದು, ಹೇಳಿದ್ದು ಅರ್ಥವಾಗುತ್ತದೆಯೇ ಎಂಬುದು ಬೇರೆ ಮಾತು.

ಹುಟ್ಟಿದ್ದು ಯಾವಾಗ ಎಂದರೆ ಅಲ್ಲಿಂದಲೇ ನನ್ನ ಗೊಂದಲ ಶುರು. ನನ್ನ ಟ್ರಾನ್ಸ್‌ಫಾರ್ಮರ್ ಒಂದು ಕೆಟ್ಟ ಟೀವಿಯದು. ಸ್ಪೀಕರು ಟೇಪ್ ರೆಕಾರ್ಡರಿನದು. ಮೈ ಮುಚ್ಚಿರುವ ಅಲ್ಯೂಮಿನಿಯಂ ಡಬ್ಬ ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದಂತೆ. ಇವುಗಳಲ್ಲಿ ಯಾವುದು ಹುಟ್ಟಿದ ದಿನ ನಾನು ಹುಟ್ಟಿದೆ? ಅರಸೀಕೆರೆಯ ಐಟಿಐಯಲ್ಲಿ ವೈರಿಂಗ್ ಕಲಿಸುತ್ತಿದ್ದ ರುದ್ರಮುನಿಯವರು ಎರಡು ತಿಂಗಳು ಕೂತು ಎಲ್ಲವನ್ನೂ ಬೆಸೆದು ನನ್ನನ್ನು ಮಾಡಿದರು. ಮೊದಲ ಸಲ ಗರಗರ ಎಂದಾಗ ಅವರ ಹೆಂಡತಿ ವಿಶಾಲಾಕ್ಷಮ್ಮ ಅಡುಗೆಮನೆಯಿಂದಲೇ, "ಏನ್ರೀ ಅದು, ಮಿಕ್ಸಿ ಕೆಟ್ಟೋಯ್ತಾ?" ಎಂದು ಕೇಳಿದರು. ನನ್ನ ನಾಮಕರಣ ಅಷ್ಟೇ.

ರುದ್ರಮುನಿಯವರಿಗೆ ಎರಡು ಹುಚ್ಚು. ಒಂದು ನಾನು, ಇನ್ನೊಂದು ರೈಲು. ಅವರು ರೈಲು ಹತ್ತುವವರಲ್ಲ, ನೋಡುವವರು. ಮನೆ ತಿಪಟೂರು ಕಡೆಗೆ ಹೋಗುವ ಹಳಿಯ ಪಕ್ಕದಲ್ಲೇ ಇತ್ತು. ಕೂಗು ಕೇಳಿದರೆ ಸಾಕು, ಕೈಯಲ್ಲಿನ ತುತ್ತು ತಟ್ಟೆಗೆ ಹಾಕಿ ಕಿಟಕಿಗೆ ಓಡುತ್ತಿದ್ದರು. ಎಂಜಿನ್ ನಂಬರು, ಬೋಗಿ ಎಷ್ಟು, ಎಲ್ಲ ಒಂದು ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಇಷ್ಟು ಬರೆದುಕೊಂಡು ಯಾರಿಗೆ ಕೊಡುತ್ತಾರೋ ಎಂದು ನಾನು ಬಹಳ ದಿನ ಯೋಚಿಸಿದೆ. ಯಾರಿಗೂ ಕೊಡುತ್ತಿರಲಿಲ್ಲ.

ಅದೇ ಹುಚ್ಚಿನ ಇನ್ನೊಬ್ಬರು ಹಾವೇರಿಯಲ್ಲಿದ್ದರು. ಅಬ್ದುಲ್ ರಜಾಕ್ ಸಾಹೇಬರು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಅವರ ದನಿ ನನ್ನೊಳಗೆ ಬಂದರೆ ನನ್ನ ಸ್ಪೀಕರಿಗೇ ಹಿತವಾಗುತ್ತಿತ್ತು, ಅಷ್ಟು ಗಂಭೀರ, ಅಷ್ಟು ಮೆದು. ಬೆಳಿಗ್ಗೆ ಅವರು ಹಾವೇರಿ ದಾಟಿದ ಎಂಜಿನ್ನಿನ ನಂಬರು ಹೇಳುವರು. ನಾಲ್ಕು ಗಂಟೆ ಕಳೆದ ಮೇಲೆ ರುದ್ರಮುನಿಯವರು ಸ್ಟೇಷನ್ನಿಗೆ ಹೋಗಿ ಅದೇ ಎಂಜಿನ್ನನ್ನು ನೋಡಿ ಬಂದು, "ಸಿಕ್ತು ಸಾಹೇಬ್ರೆ, ನಿಮ್ಮ ಎಂಜಿನ್ ಸಿಕ್ತು!" ಎನ್ನುವರು. ಹಾವೇರಿಯಲ್ಲಿ ನನ್ನೊಳಗೆ ಹೊಕ್ಕ ರೈಲು ನಾಲ್ಕು ಗಂಟೆ ನನ್ನ ತಂತಿಗಳಲ್ಲೇ ಓಡಿ ಅರಸೀಕೆರೆಯಲ್ಲಿ ಹೊರಗೆ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದು ಯಾರೂ ನನಗೆ ಹೇಳಲಿಲ್ಲ.

ನನ್ನನ್ನು ಇಟ್ಟಿದ್ದ ಮೇಜಿನ ಮೇಲೆ ಎರಡು ಗಡಿಯಾರಗಳಿದ್ದವು. ಒಂದು ನಮ್ಮ ದೇಶದ ಹೊತ್ತು. ಇನ್ನೊಂದು ಜಗತ್ತಿನ ಹ್ಯಾಮ್‌ಗಳೆಲ್ಲ ಒಪ್ಪಿಕೊಂಡ ಲೋಕದ ಹೊತ್ತು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. "ಕೆಟ್ಟಿರೋ ಗಡಿಯಾರನ ಯಾಕ್ರೀ ಇಟ್ಕೊಂಡಿದೀರಾ?" ಎಂದು ವಿಶಾಲಾಕ್ಷಮ್ಮ ಎಷ್ಟೋ ಸಲ ಅದನ್ನು ತಿರುಗಿಸಿ ಸರಿಮಾಡಿದ್ದುಂಟು. ನನ್ನ ಮುಂದೆ ಕುಳಿತು ಏನೇ ಮಾತಾಡಿದರೂ ಹೊತ್ತನ್ನು ಲೋಕದ ಲೆಕ್ಕದಲ್ಲೇ ಹೇಳಬೇಕು ಎಂಬುದು ಆ ಇಬ್ಬರು ಗೆಳೆಯರ ಕಟ್ಟುನಿಟ್ಟು. ಕೇಳಿದವರು ಐದೂವರೆ ಗಂಟೆ ಕೂಡಿಸಿಕೊಂಡು ಸ್ಟೇಷನ್ನಿಗೆ ಓಡಬೇಕು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷವೂ ಅವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಫೋಟೊ ಕಳಿಸುತ್ತಿದ್ದರು ನಿಜ, ಆದರೆ ಎಲ್ಲವೂ ಎಂಜಿನ್ನಿನ ಫೋಟೊಗಳು.

ಒಂದು ಬೆಳಿಗ್ಗೆ ಸಾಹೇಬರ ದನಿ ಒಡೆದು ಒಡೆದು ಬಂತು. ನನ್ನದೇ ದೋಷವೆಂದು ನಾನು ಹೆದರಿದೆ. ರುದ್ರಮುನಿಯವರು ಗುಂಡಿ ತಿರುಗಿಸಿದರು, ನನ್ನ ತಲೆಯ ಮೇಲೆ ತಟ್ಟಿದರು.

"ನಿಮ್ಮ ರೇಡಿಯೊ ಬರೋಬರಿ ಐತ್ರೀ," ಎಂದರು ಸಾಹೇಬರು. "ನನ್ನ ಗಂಟಲದಾಗ ಗಡ್ಡಿ ಬೆಳದೈತಿ. ಬೆಂಗಳೂರಾಗ ಆಪರೇಶನ್. ಆಮ್ಯಾಲೆ ದನಿ ಉಳಿಯಾಂಗಿಲ್ಲ ಅಂತ ಡಾಕ್ಟರ್ ಅಂದಾರ. ದನಿ ಇರೋದ್ರಾಗ ಒಮ್ಮೆ ನಿಮ್ಮ ಎದುರಿಗೆ ನಿಂತು ಮಾತಾಡ್ಬೇಕ್ರೀ. ನಾಡದು ರಜಾದ ಸ್ಪೆಶಲ್ ಗಾಡಿಗೆ ಬರಾಕತ್ತೀನಿ. ಎಂಟೂ ಹತ್ತಕ್ಕ ಅರಸೀಕೆರಿ. ಐದು ನಿಮಿಷ ನಿಲ್ತೈತಿ."

"ಪ್ಲಾಟ್‌ಫಾರ್ಮಲ್ಲಿ ನಿಂತಿರ್ತೀನಿ ಸಾಹೇಬ್ರೆ. ಖಂಡಿತ ನಿಂತಿರ್ತೀನಿ," ಎಂದರು ರುದ್ರಮುನಿಯವರು. ಮುಂದಿನ ಮಾತು ಗರಗರದಲ್ಲಿ ಮುಳುಗಿತು. ಅವರು ಅಭ್ಯಾಸದಂತೆ ಐದೂವರೆ ಗಂಟೆ ಕೂಡಿಸಿದರು. "ಮಧ್ಯಾಹ್ನ ಒಂದೂ ನಲವತ್ತು ಕಣೇ," ಎಂದು ಹೆಂಡತಿಗೆ ಹೇಳಿದರು.

ಆ ದಿನ ಬೆಳಿಗ್ಗೆ ಮನೆಯಲ್ಲಿ ಕೊಬ್ಬರಿ ಮಿಠಾಯಿಯ ಘಮ. ರುದ್ರಮುನಿಯವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಒಂದು ಗಡಿಯಾರ ಎಂಟು ಇಪ್ಪತ್ತು ಎನ್ನುತ್ತಿತ್ತು, ಇನ್ನೊಂದು ಎರಡು ಐವತ್ತು. ರೈಲು ಕೂಗಿತು. ಇಸ್ತ್ರಿಪೆಟ್ಟಿಗೆ ಅಲ್ಲೇ ಬಿಟ್ಟು ಕಿಟಕಿಗೆ ಓಡಿದರು. "ಯಾವುದೋ ಸ್ಪೆಷಲ್ಲು, ಹದಿನೇಳು ಬೋಗಿ. ಮಧ್ಯಾಹ್ನ ಸಾಹೇಬ್ರಿಗೆ ಹೇಳ್ಬೇಕು," ಎಂದು ಖುಷಿಯಿಂದ ನಂಬರು ಬರೆದುಕೊಂಡರು. ರಜೆಯ ದಿನಗಳಲ್ಲಿ ಅಂಥ ಗಾಡಿಗಳು ಎಷ್ಟೋ ಬರುತ್ತಿದ್ದವು.

ಮಧ್ಯಾಹ್ನ ಮಿಠಾಯಿ ಡಬ್ಬಿ ಹಿಡಿದು ಹೋದವರು ಸಂಜೆ ಡಬ್ಬಿ ಹಾಗೇ ಹಿಡಿದು ಬಂದರು. ನನ್ನ ಮುಂದೆ ಕುಳಿತು ನೋಟ್‌ಬುಕ್ ತೆರೆದರು. ಬೆಳಿಗ್ಗೆ ಬರೆದ ನಂಬರಿನ ಮೇಲೆ ಬೆರಳಿಟ್ಟು ಹೆಂಡತಿಗೆ ತೋರಿಸಿ, "ಇದರಲ್ಲೇ ಇದ್ರು ಕಣೇ. ಹಾವೇರಿ ಕಡೆಯ ಸ್ಪೆಷಲ್ಲು ಬೆಳಿಗ್ಗೇನೇ ಬಂದು ಹೋಯ್ತು ಅಂದ್ರು ಸ್ಟೇಷನ್ನಲ್ಲಿ. ನಾನು ಬೋಗಿ ಎಣಿಸ್ತಾ ನಿಂತಿದ್ದೆ," ಎಂದು ಅತ್ತರು. ಸಾಹೇಬರು ಅಂದು ಟಿಕೆಟ್ಟು ನೋಡಿ ನಮ್ಮ ದೇಶದ ಹೊತ್ತನ್ನೇ ಹೇಳಿಬಿಟ್ಟಿದ್ದರು. ಇವರು ಅದನ್ನು ಲೋಕದ ಹೊತ್ತೆಂದು ಹಿಡಿದಿದ್ದರು. ಎಂಟೂ ಹತ್ತು ಎಂಬ ಮಾತು ಹೊರಬಿದ್ದದ್ದು ನನ್ನ ಬಾಯಿಂದಲೇ. ಎರಡೂ ಗಡಿಯಾರ ನನ್ನ ಕಣ್ಣೆದುರಿಗೇ ಇದ್ದವು. ಆದರೂ ನನಗೆ ಹೊಳೆಯಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಮೂರು ತಿಂಗಳು ಹಾವೇರಿಯಿಂದ ಸದ್ದಿಲ್ಲ. ಆಮೇಲೆ ಸಾಹೇಬರ ಮಗಳು ಶಮೀಮಳ ಕಾಗದ ಬಂತು. ರುದ್ರಮುನಿಯವರು ಅದನ್ನು ಗಟ್ಟಿಯಾಗಿ ಓದಿದರು. "ಕಾಕಾರಿಗೆ ನಮಸ್ಕಾರ. ಅಬ್ಬಾ ಅವರ ಜೀವಕ್ಕ ಏನೂ ಭಯ ಇಲ್ಲ. ದನಿ ಹೋತು. ಅರಸೀಕೆರಿಯೊಳಗ ಬಾಗಿಲದಾಗ ನಿಂತು ಐದೂ ನಿಮಿಷ ನಿಮ್ಮ ಹೆಸರು ಹಿಡಿದು ಕೂಗಿದ್ರು. ಆಮ್ಯಾಲೆ ಬೆಂಗಳೂರಿನತನಕ ಮಾತಾಡಲಿಲ್ಲ. ಈಗ ರೇಡಿಯೊ ನೋಡಿದ್ರ ಸಂಕಟ ಆಗ್ತೈತಿ ಅಂತ ಅದನ್ನೂ ಯಾರಿಗೋ ಕೊಟ್ಟುಬಿಟ್ಟಾರ."

ಮರುದಿನ ರುದ್ರಮುನಿಯವರು ಇಂಥ ಗಾಡಿಗೆ ಬರುತ್ತೇನೆಂದು ಕಾಗದ ಬರೆದರು. ಹೊತ್ತನ್ನು ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು ಅಕ್ಷರದಲ್ಲಿ ಬರೆದು ಅದರ ಕೆಳಗೆ ಮೂರು ಸಲ ಗೀಟು ಹಾಕಿದರು. ವಾರದ ಮೇಲೆ ನನ್ನ ವೈರು ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕಿಟ್ಟು ರೈಲು ಹತ್ತಿದರು. ರೈಲಿನೊಳಗೆ ನಾನು ಕೂತಿದ್ದು ಅದೇ ಮೊದಲು. ನಾನು ರೈಲಿನೊಳಗಿದ್ದೇನೆಯೋ, ರೈಲು ನನ್ನೊಳಗಿದೆಯೋ ಎಂದು ಹಾವೇರಿಯವರೆಗೂ ತಿಳಿಯಲಿಲ್ಲ.

ಹಾವೇರಿಯಲ್ಲಿ ಇಳಿದರೆ ಪ್ಲಾಟ್‌ಫಾರ್ಮ್ ತುಂಬ ಜನ. ಗೆಳೆಯನ ಮುಖ ಇವರಿಗೆ ಗೊತ್ತಿಲ್ಲ. ಗೊತ್ತಿದ್ದ ದನಿ ಈಗ ಇಲ್ಲ. ಇವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದರು. ಆಮೇಲೆ ನಿಂತರು. ನನ್ನ ಮುಂದೆ ಕುಳಿತು ದಿನವೂ ಕೂಗುತ್ತಿದ್ದ ಕೂಗನ್ನು ಅಲ್ಲಿ ನಿಂತು ಬಾಯಿಬಿಟ್ಟು ಕೂಗಿದರು. "ಸೀಕ್ಯೂ, ಸೀಕ್ಯೂ, ಅರಸೀಕೆರೆಯಿಂದ ರುದ್ರಮುನಿ!" ಕೇಳಿಸಿಕೊಂಡವರು ಯಾರೇ ಇರಲಿ, ಉತ್ತರ ಕೊಡಿ ಎಂದು ಅದರರ್ಥ. ಕೂಲಿಗಳು ತಿರುಗಿ ನೋಡಿದರು. ಚಹಾ ಮಾರುವವನು ನಕ್ಕ. ಕರೆಂಟೇ ಇಲ್ಲದೆ ಚೀಲದಲ್ಲಿ ಬಿದ್ದಿದ್ದ ನನಗೆ ಇದು ಹೇಗೆ ಕೇಳಿಸಿತು ಎಂದು ಕೇಳಬೇಡಿ.

ಮೂರನೆಯ ಕೂಗಿಗೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಒಬ್ಬರು ಎತ್ತರದ ಮುದುಕರು ಜನರನ್ನು ಸರಿಸಿಕೊಂಡು ಬಂದರು. ಬಂದವರೇ ಇವರ ಎರಡೂ ಕೈ ಹಿಡಿದುಕೊಂಡರು. "ತಪ್ಪು ನನ್ನದು ಸಾಹೇಬ್ರೆ," ಎಂದರು ಇವರು. ಅವರು ಅಲ್ಲ ಅಲ್ಲ ಎಂದು ತಲೆಯಾಡಿಸಿ ತಮ್ಮ ಎದೆಯನ್ನೇ ತಟ್ಟಿಕೊಂಡರು. ಯಾರ ತಪ್ಪೋ, ನನಗಂತೂ ಇನ್ನೂ ಬಗೆಹರಿದಿಲ್ಲ.

ಈಗ ನನಗೆ ವಯಸ್ಸಾಗಿದೆ. ಸಾಹೇಬರ ಕೋಣೆಯ ಮೂಲೆಯಲ್ಲಿ, ಬಣ್ಣದ ಡಬ್ಬಿಗಳ ಪಕ್ಕದಲ್ಲಿ ನನ್ನ ವಾಸ. ರುದ್ರಮುನಿಯವರು ನನ್ನನ್ನು ಇಲ್ಲೇ ಬಿಟ್ಟು ಹೋಗಿ, ಅರಸೀಕೆರೆಯಲ್ಲಿ ತಮಗೆ ಇನ್ನೊಂದು ರೇಡಿಯೊ ಬೆಸೆದುಕೊಂಡರು. ಟಕಟಕ ಒತ್ತಿ ಮಾತಾಡುವ ಮೋರ್ಸ್ ವಿದ್ಯೆಯನ್ನು ಸಾಹೇಬರು ಎರಡು ದಿನ ಪ್ರಯತ್ನಿಸಿದರು. ಕೈ ನಡುಗಿ ಬಿಟ್ಟರು. ಹಾಗಾಗಿ ನಾನು ಈಗ ಕೇಳುತ್ತೇನೆ ಅಷ್ಟೇ, ಹೇಳುವುದಿಲ್ಲ.

ದಿನಾ ಬೆಳಿಗ್ಗೆ ಅರಸೀಕೆರೆಯಿಂದ ಮಾತು ಬರುತ್ತದೆ. ಯಾವ ಎಂಜಿನ್ ಹೋಯಿತು, ಯಾವುದಕ್ಕೆ ಹೊಸ ಬಣ್ಣ ಹೊಡೆದಿದ್ದಾರೆ ಎಂದೆಲ್ಲ ಹೇಳಿ ರುದ್ರಮುನಿಯವರು "ಓವರ್" ಎನ್ನುತ್ತಾರೆ. ಈಗ ನಿಮ್ಮ ಸರದಿ ಎಂದು ಸುಮ್ಮನಾಗುತ್ತಾರೆ. ಉತ್ತರ ಬರುವುದಿಲ್ಲ ಎಂದು ಅವರಿಗೆ ಗೊತ್ತು, ಆದರೂ ಒಂದು ಮಾತು ಆಡುವಷ್ಟು ಹೊತ್ತು ಬಿಡುತ್ತಾರೆ. ಆ ಹೊತ್ತಿನಲ್ಲಿ ಸಾಹೇಬರು ನನ್ನ ಕಡೆ ಬಗ್ಗಿ ತುಟಿ ಆಡಿಸುತ್ತಾರೆ. ಸದ್ದಿಲ್ಲ, ನನ್ನಿಂದ ಏನೂ ಹೊರಗೆ ಹೋಗುವುದಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಆಮೇಲೆ ಅರಸೀಕೆರೆಯಿಂದ ನಗು ಕೇಳಿಸುತ್ತದೆ. "ಹೌದು ಸಾಹೇಬ್ರೆ, ನನಗೂ ಹಾಗೇ ಅನ್ನಿಸ್ತು," ಎನ್ನುತ್ತಾರೆ ರುದ್ರಮುನಿಯವರು.